ಐವತ್ತು ಮೈಲಿ, ಒಂದು ಸಂಡಾಸ: ನಮ್ಮ ಮಿರಜ–ಬೆಳಗಾವಿ ಲೈನಿನ ಲೆಕ್ಕ

ಭಾಗ 1/8: ನೀರು ಕುಡಿಯದ ಪ್ರಯಾಣ

ರಾತ್ರಿ ಗಾಡಿಗೆ ಬೆಂಗಳೂರಿಗೆ ಹೋಗೋದಿದ್ರ ನಿಮ್ಮ ಮನ್ಯಾಗ ಅವ್ವ, ಅಜ್ಜಿ, ಅಕ್ಕ ಸಂಜಿಯಿಂದನ ನೀರು ಕುಡಿಯೋದು ಕಡಿಮಿ ಮಾಡ್ತಾರೇನು, ಒಮ್ಮೆ ನೋಡ್ರಿ. ಮಾಡ್ತಾರ. ಯಾಕ ಅಂತ ಕೇಳಿದ್ರ "ಗಾಡ್ಯಾಗಿನ ಸಂಡಾಸಕ್ಕ ಯಾರು ಹೋಗಬೇಕಪಾ" ಅಂತಾರ. ಇದು ಬರೇ ನಮ್ಮ ಮನಿ ಮಾತಲ್ಲ. ಇದಕ್ಕ 130 ವರ್ಷಕ್ಕಿಂತ ಹೆಚ್ಚಿನ ಇತಿಹಾಸ ಐತಿ. ಈ ಸಿರೀಸ್ ಅದರ ಬಗ್ಗೆ.

ಮೊದಲು ನಮ್ಮ ಲೈನ್ ಯಾವುದು ಅಂತ ತಿಳ್ಕೊಳ್ಳೋಣ. ಮಿರಜ ಬಿಟ್ಟು ದಕ್ಷಿಣಕ್ಕೆ ಬಂದ್ರ ವಿಜಯನಗರ ಆದ ಮ್ಯಾಲೆ ಶೇಡಬಾಳ, ಉಗಾರ ಖುರ್ದ, ಕೃಷ್ಣಾ ನದಿ ದಾಟಿ ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್. ಆಮ್ಯಾಲೆ ಘಟಪ್ರಭಾ, ಬೆಳಗಾವಿ. ಇದನ್ನ 1880ರ ದಶಕದಲ್ಲಿ ಕಟ್ಟಿದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. 1882ರಲ್ಲಿ ಹುಟ್ಟಿದ ಕಂಪನಿ, ಮೀಟರ್ ಗೇಜ್ ಹಳಿ. 1908ರಲ್ಲಿ ಅದು ಮದ್ರಾಸ್ ರೈಲ್ವೆ ಜೋಡಿ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಈ ಹೆಸರು ನೆನಪಿಟ್ಟುಕೊಳ್ರಿ, ಭಾಗ 5ರಾಗ ಮತ್ತ ಬರತೈತಿ.

ಒಂದು ವಿಚಿತ್ರ ನೋಡ್ರಿ. ಚಿಕ್ಕೋಡಿ ಹೆಸರಿನ ಸ್ಟೇಷನ್ ಐತಿ, ಆದ್ರ ಅದು ಚಿಕ್ಕೋಡಿ ಊರಾಗ ಇಲ್ಲ. ಅದಕ್ಕ ಹೆಸರಿನ ಮುಂದ "ರೋಡ್". ಅಥಣಿ ಪ್ಯಾಟಿಗೆ ರೈಲಿಲ್ಲ, ನಿಪ್ಪಾಣಿಗೂ ಇಲ್ಲ. ಅಂದ್ರ ನಮ್ಮ ಕಡೆ ರೈಲು ಪ್ರಯಾಣ ಅಂದ್ರ ಮೊದಲು ಬಸ್ಸು ಇಲ್ಲಾ ಟೆಂಪೊ, ಆಮ್ಯಾಲೆ ಸ್ಟೇಷನ್‌ನಾಗ ಕಾಯೋದು, ಆಮ್ಯಾಲೆ ಇಡೀ ರಾತ್ರಿ ಗಾಡಿ. ಬೆಂಗಳೂರಿಗಾಗಲಿ ತಿರುಪತಿಗಾಗಲಿ ನಮಗೆ ಎಲ್ಲಾ ಪ್ರಯಾಣ ದೂರದ್ದೇ. ಹಿಂಗಾಗಿ ಡಬ್ಬಿಯೊಳಗಿನ ಸಂಡಾಸ ನಮಗ ಸಣ್ಣ ವಿಷಯ ಅಲ್ಲ.

ಮುಂದಿನ ಭಾಗ: 1890ರ ಒಂದು ಕಾಯ್ದೆ, ಯಾರೂ ರೀಲ್ಸ್ ಮಾಡದೇ ಇರೋದು.

ಭಾಗ 2/8: ಕಾಯ್ದೆಯೊಳಗಿನ 50 ಮೈಲಿ

"1909ರ ತನಕ ಭಾರತದ ರೈಲಿನ್ಯಾಗ ಕೆಳಗಿನ ದರ್ಜೆಗೆ ಸಂಡಾಸನ ಇರಲಿಲ್ಲ" ಅನ್ನೋ ರೀಲ್ ನೀವೆಲ್ಲ ನೋಡಿರ್ತೀರಿ. ಪೂರ್ತಿ ಖರೇ ಅಲ್ಲ ಅದು.

1890ರಲ್ಲಿ ಬ್ರಿಟಿಷ್ ಸರ್ಕಾರ ಭಾರತೀಯ ರೈಲ್ವೆ ಕಾಯ್ದೆ ಮಾಡಿತು. ಅದರ 64ನೇ ಕಲಮಿನಲ್ಲಿ ಎರಡು ಮಾತು ಇವೆ. ಒಂದು, 1891ರ ಜನವರಿ 1ರಿಂದ ಪ್ರತಿಯೊಂದು ಪ್ರಯಾಣಿಕರ ಗಾಡಿಯಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆಯ ಒಂದು ಕಂಪಾರ್ಟ್‌ಮೆಂಟನ್ನಾದರೂ ಹೆಂಗಸರಿಗೆ ಮಾತ್ರ ಮೀಸಲಿಡಬೇಕು. ಎರಡು, ಆ ಗಾಡಿ 50 ಮೈಲಿಗಿಂತ ಹೆಚ್ಚು ದೂರ ಓಡುವುದಾದರೆ ಅಂಥ ಒಂದು ಕಂಪಾರ್ಟ್‌ಮೆಂಟಿಗೆ ಸಂಡಾಸ ಇರಬೇಕು.

50 ಮೈಲಿ ಅಂದ್ರ ಸುಮಾರು 80 ಕಿ.ಮೀ. ಮಿರಜದಿಂದ ಬೆಳಗಾವಿ ರೈಲು ದಾರಿ ಸುಮಾರು 138 ಕಿ.ಮೀ. ಕಾಯ್ದೆ ಲೆಕ್ಕ ಹಿಡಿಯೋದು ನೀವು ಎಲ್ಲಿ ಹತ್ತಿ ಎಲ್ಲಿ ಇಳೀತೀರಿ ಅಂತ ಅಲ್ಲ, ಗಾಡಿ ಎಲ್ಲಿ ತನಕ ಓಡತೈತಿ ಅಂತ. ಅಂದಮ್ಯಾಲೆ ಮಿರಜ–ಬೆಳಗಾವಿ ಗಾಡಿಯೊಳಗ ಶೇಡಬಾಳದಾಗ ಹತ್ತಿ ರಾಯಬಾಗಕ್ಕ ಇಳಿಯೋ ಹೆಣ್ಣುಮಗಳಿಗೂ 1891ರಿಂದ ಕಾಯ್ದೆ ಪ್ರಕಾರ ಸಂಡಾಸ ಇರೋ ಡಬ್ಬಿಯ ಹಕ್ಕು ಇತ್ತು.

ಆದ್ರ ಕಾಯ್ದೆ ಏನು ಹೇಳಲಿಲ್ಲ ಅನ್ನೋದನ್ನೂ ನೋಡ್ರಿ. ಎಷ್ಟು ಜನರಿಗೆ ಒಂದು ಸಂಡಾಸ ಅಂತ ಆ ಕಲಮು ಹೇಳಲಿಲ್ಲ. ಅದರಾಗ ನೀರು ಇರಬೇಕು ಅಂತ ಹೇಳಲಿಲ್ಲ. ಯಾರು, ಯಾವಾಗ ಸ್ವಚ್ಛ ಮಾಡಬೇಕು ಅಂತ ಹೇಳಲಿಲ್ಲ. ಗಂಡಸರ ಬಗ್ಗೆ ಅಂತೂ ಮಾತೇ ಇಲ್ಲ. ಆಗಿನ ಬಹಳ ಡಬ್ಬಿಗಳಲ್ಲಿ ಒಂದು ಕಂಪಾರ್ಟ್‌ಮೆಂಟಿನಿಂದ ಇನ್ನೊಂದಕ್ಕೆ ಒಳಗಿಂದ ಹೋಗೋ ದಾರಿ ಇರ್ತಿರಲಿಲ್ಲ. ಹಿಂಗಾಗಿ ಮೂರನೇ ದರ್ಜೆಯ ಗಂಡಸರು ಗಾಡಿ ನಿಂತಾಗ ಇಳಿದು ಓಡೋದೇ ದಾರಿ.

ಮೂರು ಪ್ರಶ್ನೆ ನೆನಪಿಟ್ಟುಕೊಳ್ರಿ: ಜಾಗ ಐತೇನು? ನೀರು ಐತೇನು? ತೊಳಿಯೋರು ಯಾರು? ಸರ್ಕಾರದವರು ಮೊದಲನೇ ಪ್ರಶ್ನೆಗೆ 1890ರಾಗ ಅರ್ಧ ಉತ್ತರ ಕೊಟ್ಟರು. ಉಳಿದ ಎರಡು ಇನ್ನೂ ನಡ್ಯಾಕತ್ತಾವ.

ಭಾಗ 3/8: ಹಲಸಿನ ಹಣ್ಣಿನ ಪತ್ರ

ಈಗ ಆ ಫೇಮಸ್ ಪತ್ರಕ್ಕ ಬರೋಣ. 1909ರಲ್ಲಿ ಬಂಗಾಳದ ಓಖಿಲ್ ಚಂದ್ರ ಸೇನ್ ಅನ್ನುವವರು ಸಾಹಿಬ್‌ಗಂಜ್ ವಿಭಾಗದ ರೈಲ್ವೆ ಕಚೇರಿಗೆ ಬರೆದದ್ದು. ದಿಲ್ಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ ಅದನ್ನ ಪ್ರದರ್ಶನಕ್ಕಿಟ್ಟು ಪ್ರಸಿದ್ಧ ಮಾಡೈತಿ.

ಕಥೆ ಇಷ್ಟು. ಹಲಸಿನ ಹಣ್ಣು ಜಾಸ್ತಿ ತಿಂದು ಹೊಟ್ಟೆ ಕೆಟ್ಟಿತು. ಅಹಮದ್‌ಪುರ ಸ್ಟೇಷನ್‌ನಲ್ಲಿ ಗಾಡಿ ನಿಂತಾಗ ಇಳಿದು ಹೊರಕಡೆಗೆ ಹೋದರು. ಅಷ್ಟರಲ್ಲಿ ಗಾರ್ಡ್ ಸೀಟಿ ಊದಿದ. ಒಂದು ಕೈಯಾಗ ತಂಬಿಗೆ, ಇನ್ನೊಂದು ಕೈಯಾಗ ಧೋತರ ಹಿಡಕೊಂಡು ಓಡೋವಾಗ ಪ್ಲಾಟ್‌ಫಾರ್ಮ್ ಮೇಲೆ ಎಲ್ಲರ ಎದುರಿಗೆ ಬಿದ್ದರು. ಗಾಡಿ ಹೋಯಿತು. ಮುರುಕಲು ಇಂಗ್ಲಿಷಿನಲ್ಲಿ ಇರೋ ಪತ್ರ ಓದಿ ಜನ 100 ವರ್ಷದಿಂದ ನಗತಾನ ಇದ್ದಾರ.

ನಗೋ ಮೊದಲು ಒಂದು ಗಮನಿಸ್ರಿ. ಓಖಿಲ್ ಬಾಬು ಆ ಪತ್ರದಲ್ಲಿ ರೈಲಿನಲ್ಲಿ ಸಂಡಾಸ ಕಟ್ಟಿಸ್ರಿ ಅಂತ ಕೇಳೇ ಇಲ್ಲ. ಅವರು ಕೇಳಿದ್ದು ಐದು ನಿಮಿಷ ಗಾಡಿ ನಿಲ್ಲಿಸದ ಗಾರ್ಡ್‌ಗೆ ದಂಡ ಹಾಕ್ರಿ, ಇಲ್ಲಂದ್ರ ಪೇಪರ್‌ಗೆ ಕೊಡ್ತೀನಿ ಅಂತ. ಅಂದ್ರ ಆಗಿನ ಸಾಮಾನ್ಯ ಪ್ರಯಾಣಿಕನಿಗೆ ಡಬ್ಬಿಯೊಳಗ ಸಂಡಾಸ ಅನ್ನೋದು ಕೇಳೋ ವಸ್ತು ಅಂತನೂ ಅನಿಸಿರಲಿಲ್ಲ. ಮ್ಯಾಲಿನ ದರ್ಜೆಯವರಿಗೆ ಇತ್ತು, ಹೆಂಗಸರ ಒಂದು ಕಂಪಾರ್ಟ್‌ಮೆಂಟಿಗೆ ಕಾಯ್ದೆ ಇತ್ತು, ಇವರಂಥವರಿಗೆ ತಂಬಿಗೆ ಇತ್ತು.

ಆ ಒಂದೇ ಪತ್ರದಿಂದ ದೇಶದ ಎಲ್ಲಾ ರೈಲಿಗೆ ಸಂಡಾಸ ಬಂತು ಅಂತ ಹೇಳೋದು ಚಂದದ ಕಥಿ. ಇತಿಹಾಸ ಹಂಗ ಒಂದು ಪತ್ರಕ್ಕ ತಿರುಗೋದಿಲ್ಲ. ಆದ್ರ ಪತ್ರದಿಂದ ಒಂದು ಪಾಠ ಐತಿ: ಕಂಪ್ಲೇಂಟ್ ಬರದವರ ಅವಮಾನ ದಾಖಲೆಯೊಳಗ ಉಳಿತೈತಿ, ಬರೀದವರದು ಉಳಿಯೋದಿಲ್ಲ. ಆ ಪ್ಲಾಟ್‌ಫಾರ್ಮ್ ಮೇಲೆ ಅವರಂಗ ಬಿದ್ದವರು ಇನ್ನೆಷ್ಟು ಜನ ಇದ್ರೋ, ನಮಗ ಅವರ ಹೆಸರಿಲ್ಲ.

ಭಾಗ 4/8: ಪ್ಲೇಗ್, ಜಾತ್ರೆ ಮತ್ತು ಮೂರನೇ ದರ್ಜೆ

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಆಗ ಚಿಕ್ಕೋಡಿ, ಅಥಣಿ ಮುಂಬೈ ಪ್ರಾಂತ್ಯದಲ್ಲಿ, ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿ. ಗಡಿ ಎಷ್ಟಿದ್ರೂ ರೈಲು ಒಂದೇ, ರೋಗಕ್ಕೂ ಅದೇ ದಾರಿ. ಕೆಲವೇ ವರ್ಷದಲ್ಲಿ ಬೆಳಗಾವಿ, ಹುಬ್ಬಳ್ಳಿ ಕಡೆಗೂ ಬಂತು.

1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಬಹಳ ಸಣ್ಣ ಕಾಯ್ದೆ, ಆದ್ರ ಅದರ ಎರಡನೇ ಕಲಮಿನಲ್ಲಿ ರೈಲು ಪ್ರಯಾಣಿಕರನ್ನ ತಪಾಸಣೆ ಮಾಡೋ ಅಧಿಕಾರ ಸ್ಪಷ್ಟವಾಗಿ ಐತಿ. ಸ್ಟೇಷನ್‌ಗಳಲ್ಲಿ ಜನರನ್ನ ಇಳಿಸಿ, ಸಾಲಾಗಿ ನಿಲ್ಲಿಸಿ, ಮೈ ಮುಟ್ಟಿ ನೋಡೋದು ಶುರುವಾಯಿತು. ಸಂಶಯ ಬಂದವರನ್ನ ಬ್ಯಾರೆ ಇಡ್ತಿದ್ದರು. ಇದರ ಭಾರ ಬಿದ್ದದ್ದು ಹೆಚ್ಚಾಗಿ ಮೂರನೇ ದರ್ಜೆಯವರ ಮೇಲೆ. 2020ರ ಕೊರೋನಾ ಲಾಕ್‌ಡೌನ್‌ನಾಗ ನಾವು ಕೇಳಿದ ಕಾಯ್ದೆ ಇದೇ, 1897ರದ್ದು.

ಇನ್ನೊಂದು ಕಡೆ ಜಾತ್ರೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ಮಂದಿ ಬರ್ತಾರ, ಊರಿಗೆ ಸ್ವಂತ ಸ್ಟೇಷನ್ನೂ ಐತಿ. ನಮ್ಮ ಕಡೆಯಿಂದ ವಾರಕರಿಗಳು ಪಂಢರಪುರಕ್ಕ ಹೋಗ್ತಾರ. ಬಾರ್ಶಿ ಲೈಟ್ ರೈಲ್ವೆ ಅನ್ನೋ ಸಣ್ಣ ಗೇಜಿನ ಲೈನು 1927ರಲ್ಲಿ ಪಂಢರಪುರದಿಂದ ಮಿರಜದ ತನಕ ಬಂದು ಮುಟ್ಟಿತು. ಬ್ರಿಟಿಷರ ಕಾಲದಲ್ಲಿ ದೊಡ್ಡ ಜಾತ್ರೆ ಬಂದ್ರ ಡಬ್ಬಿ ಸಾಲದೆ ಯಾತ್ರಿಕರನ್ನ ಸಾಮಾನಿನ ವ್ಯಾಗನ್‌ನಾಗ ತುಂಬಿ ಒಯ್ಯೋದು ದೇಶದ ತುಂಬ ಇದ್ದ ರೂಢಿ. ವ್ಯಾಗನ್‌ಗೆ ಸಂಡಾಸ ಎಲ್ಲಿಂದ ಬರಬೇಕು?

ಇಲ್ಲಿಯ ವಿಪರ್ಯಾಸ ನೋಡ್ರಿ. ಕಾಲರಾ, ಪ್ಲೇಗ್ ಬಂದಾಗ ಬಡ ಪ್ರಯಾಣಿಕನನ್ನ "ರೋಗ ತರೋನು" ಅಂತ ಇಳಿಸಿ ತಪಾಸಣೆ ಮಾಡಿದರು. ಅವನು ಕುಳಿತಿದ್ದ ಡಬ್ಬಿಗೆ ನೀರು, ಗಾಳಿ, ಸಂಡಾಸ ಐತೋ ಇಲ್ಲೋ ಅಂತ ಅಷ್ಟೇ ಗಟ್ಟಿಯಾಗಿ ತಪಾಸಣೆ ಮಾಡಲಿಲ್ಲ.

ಭಾಗ 5/8: 13 ರೂಪಾಯಿ 9 ಆಣೆ

ಬಿಕಾಂ ಮಂದಿ, ಈ ಭಾಗ ನಿಮಗ.

1917ರ ಸೆಪ್ಟೆಂಬರ್ 12ರಂದು ಗಾಂಧೀಜಿ ಮುಂಬೈಯಿಂದ ಮದ್ರಾಸಿಗೆ ಮೇಲ್ ಗಾಡಿಗೆ ಮೂರನೇ ದರ್ಜೆ ತಿಕೀಟು ತೆಗೆಸಿದರು. ದರ 13 ರೂಪಾಯಿ 9 ಆಣೆ. ಎರಡು ರಾತ್ರಿ ಪ್ರಯಾಣ. ಆಮೇಲೆ ಅದರ ಬಗ್ಗೆ ಪೇಪರ್‌ಗಳಿಗೆ ಒಂದು ದೊಡ್ಡ ಪತ್ರ ಬರೆದರು, ಅದು ಪುಸ್ತಿಕೆಯಾಗಿಯೂ ಬಂತು.

ಡಬ್ಬಿ ಮೇಲೆ ಬರೆದಿದ್ದ ಸಂಖ್ಯೆ 22 ಜನ. ಮಲಗೋ ವ್ಯವಸ್ಥೆ ಇಲ್ಲ. ಪುಣೆ ತನಕ ಹೆಂಗೋ ನಡೀತು. ರಾಯಚೂರು ಬಂದ ಮೇಲೆ ತಡಕೊಳ್ಳಲಾರದಷ್ಟು ಗರ್ದಿ ಆಯಿತು ಅಂತ ಅವರು ಹೇಳ್ತಾರ. ರಾತ್ರಿ ಬಹಳ ಹೊತ್ತು 35 ಜನ. ಹೊಲಸಿನೊಳಗ ನೆಲದ ಮೇಲೆ ಕೆಲವರು ಮಲಗಿದರು, ಕೆಲವರು ನಿಂತೇ ಇದ್ದರು. ಇಡೀ ಪ್ರಯಾಣದಲ್ಲಿ ಒಮ್ಮೆಯೂ ಕಸ ಹೊಡೀಲಿಲ್ಲ, ಸಂಡಾಸ ತೊಳೀಲಿಲ್ಲ, ಟಾಕಿಯಲ್ಲಿ ನೀರೇ ಇರಲಿಲ್ಲ.

ರಾಯಚೂರು ಯಾಕ ಮುಖ್ಯ ಅಂದ್ರ, ಮುಂಬೈ ಕಡೆಯ ಜಿಐಪಿ ರೈಲ್ವೆ ಅಲ್ಲಿಗೆ ಮುಗಿದು ಮುಂದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಶುರುವಾಗ್ತಿತ್ತು. ಹೌದು, ಭಾಗ 1ರಾಗ ಹೇಳಿದ ನಮ್ಮ ಲೈನಿನ ಕಂಪನಿ ಅದೇ.

ಈಗ ಲೆಕ್ಕ. 22ರ ಜಾಗದಾಗ 35 ಅಂದ್ರ 13 ಜನ ಹೆಚ್ಚು, ಹತ್ತಿರ ಹತ್ತಿರ 59 ಪರ್ಸೆಂಟ್. ಅದೇ ಡಬ್ಬಿ, ಅದೇ ಇಂಜಿನ್, ಅದೇ ಗಾರ್ಡ್. ಹೆಚ್ಚಿನ 13 ಜನರ ತಿಕೀಟಿನ ರೊಕ್ಕಕ್ಕ ಕಂಪನಿಗೆ ಹೆಚ್ಚಿನ ಖರ್ಚು ಏನೂ ಇಲ್ಲದಂಗ. ನಾವು ಕಾಸ್ಟಿಂಗ್‌ನಾಗ ಓದೋ ಮಾರ್ಜಿನಲ್ ಕಾಸ್ಟ್ ಇದೇ ನೋಡ್ರಿ. ಒಂದನೇ ದರ್ಜೆಯ ದರ ಮೂರನೆಯದರ ಐದು ಪಟ್ಟಿಗಿಂತ ಸ್ವಲ್ಪ ಹೆಚ್ಚಿತ್ತು. ಗಾಂಧೀಜಿ ಕೇಳಿದ ಪ್ರಶ್ನೆಯ ಸಾರಾಂಶ: ಐದರಲ್ಲಿ ಒಂದು ಪಾಲು ರೊಕ್ಕ ಕೊಟ್ಟವನಿಗೆ ಐದರಲ್ಲಿ ಒಂದು ಪಾಲಾದರೂ, ಹೋಗಲಿ ಹತ್ತರಲ್ಲಿ ಒಂದಾದರೂ ಸವಲತ್ತು ಸಿಗತೈತೇನು? ಅವರ ಪ್ರಕಾರ ಮೂರನೇ ದರ್ಜೆಯವರ ರೊಕ್ಕದ ಮೇಲೇ ಮೇಲಿನ ದರ್ಜೆಯ ಸುಖ ನಡೀತಿತ್ತು.

ಏಳು ವರ್ಷದ ನಂತರ, 1924ರ ಡಿಸೆಂಬರ್‌ನಲ್ಲಿ, ಗಾಂಧೀಜಿ ಅಧ್ಯಕ್ಷರಾದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಟಿಳಕವಾಡಿಯ ಕಾಂಗ್ರೆಸ್ ಬಾವಿ ನೀವು ನೋಡಿರ್ತೀರಿ, ಅಧಿವೇಶನಕ್ಕ ಬಂದವರ ನೀರಿಗಾಗಿ ತೋಡಿಸಿದ್ದು. ಸಾವಿರಾರು ಜನ ಸೇರೋ ಕಡೆ ಮೊದಲ ಕೆಲಸ ನೀರು ಅಂತ ಆಗಿನ ಸಂಘಟಕರಿಗೆ ಗೊತ್ತಿತ್ತು.

ಭಾಗ 6/8: ಹೆಸರು ಬದಲಾತು

ಸ್ವಾತಂತ್ರ್ಯ ಬಂತು, ಕಂಪನಿಗಳು ಹೋದವು, ಭಾರತೀಯ ರೈಲ್ವೆ ಆಯಿತು. ಮೂರನೇ ದರ್ಜೆ ಮಾತ್ರ 1974ರ ತನಕ ಇತ್ತು. ಆ ವರ್ಷ ಅದನ್ನ ತೆಗೆದು ಎರಡನೇ ದರ್ಜೆ ಅಂತ ಕರೆದರು. ಬಹಳ ಕಡೆ ಡಬ್ಬಿ ಅವೇ, ಕಟ್ಟಿಗೆ ಬೆಂಚು ಅವೇ.

ನಿಜವಾದ ಬದಲಾವಣೆಯ ಒಂದು ಹೆಜ್ಜೆ ಇಟ್ಟವರು ಮಧು ದಂಡವತೆ, 1977ರಿಂದ 79ರ ತನಕ ರೈಲ್ವೆ ಮಂತ್ರಿ. ಎರಡನೇ ದರ್ಜೆಯ ಕಟ್ಟಿಗೆ ಬರ್ತ್‌ಗೆ ಎರಡು ಇಂಚು ಫೋಮ್ ಹಾಕಿಸಲಿಕ್ಕೆ ಶುರು ಮಾಡಿದರು. ಅವರ ಕಾಲದಲ್ಲೇ, 1977ರ ಡಿಸೆಂಬರ್ 26ರಂದು, ಮುಂಬೈ–ಹೌರಾ ಗೀತಾಂಜಲಿ ಎಕ್ಸ್‌ಪ್ರೆಸ್ ದರ್ಜೆಭೇದ ಇಲ್ಲದ ಗಾಡಿಯಾಗಿ ಶುರುವಾಯಿತು. ಈಗ ಸ್ಲೀಪರ್‌ನಾಗ ಮಲಗಿದಾಗ ಬೆನ್ನಿಗೆ ಹತ್ತೋ ಮೆತ್ತನೆ ಅನ್ನೋದು ಒಬ್ಬರು ರಾಜಕೀಯವಾಗಿ ತಗೊಂಡ ನಿರ್ಧಾರ.

ನಮ್ಮ ಲೈನಿಗೆ ದೊಡ್ಡ ಬದಲಾವಣೆ ತಂದವರು ಚಿತ್ರದುರ್ಗ ಜಿಲ್ಲೆಯ ಸಿ.ಕೆ. ಜಾಫರ್ ಷರೀಫ್, 1991ರಿಂದ 95ರ ತನಕ ರೈಲ್ವೆ ಮಂತ್ರಿ. 1992ರಲ್ಲಿ ದೇಶದ ತುಂಬ ಒಂದೇ ಗೇಜ್ ಮಾಡೋ ಯೋಜನೆ ಶುರುವಾಯಿತು. 1990ರ ದಶಕದಲ್ಲಿ ಮಿರಜ–ಲೋಂಡಾ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ನಿಮ್ಮ ಅಪ್ಪ, ಕಾಕಾನ್ನ ಕೇಳ್ರಿ, ಸಣ್ಣ ಗಾಡಿ ನೆನಪಿರತೈತಿ. ಈಗ ಈ ಹಳಿ ಮ್ಯಾಲೆ ರಾಣಿ ಚೆನ್ನಮ್ಮ, ಹರಿಪ್ರಿಯಾ, ಚಾಲುಕ್ಯ, ಶರಾವತಿ, ಗೋವಾ ಎಕ್ಸ್‌ಪ್ರೆಸ್ ಎಲ್ಲಾ ಓಡ್ತಾವ. 2003ರಿಂದ ಹುಬ್ಬಳ್ಳಿ ಕೇಂದ್ರವಾದ ನೈಋತ್ಯ ರೈಲ್ವೆ ಬಂತು. ಬೆಳಗಾವಿ ಸಂಸದ ಸುರೇಶ ಅಂಗಡಿ 2019ರಲ್ಲಿ ರೈಲ್ವೆ ರಾಜ್ಯ ಸಚಿವರಾದರು, 2020ರ ಸೆಪ್ಟೆಂಬರ್‌ನಲ್ಲಿ ಕೊರೋನಾದಿಂದ ತೀರಿಕೊಂಡರು.

ಗಾಡಿ ದೊಡ್ಡದಾತು, ಓಟ ಜೋರಾತು. ಆದ್ರ ಸಂಡಾಸದ ತಳದಾಗ ಅದೇ ತೂತು ಉಳೀತು. ಕೆಳಗ ನೋಡಿದ್ರ ಹಳಿ ಓಡೋದು ಕಾಣ್ತಿತ್ತು. "ಗಾಡಿ ಸ್ಟೇಷನ್‌ನಾಗ ನಿಂತಾಗ ಬಳಸಬೇಡಿ" ಅನ್ನೋ ಬೋರ್ಡ್ ಅದಕ್ಕ. ಬೋರ್ಡ್ ಓದದವರ ಹೊಲಸು ಪ್ಲಾಟ್‌ಫಾರ್ಮಿನ ಹಳಿ ಮ್ಯಾಲೆ ಬೀಳ್ತಿತ್ತು. ಅದನ್ನ ಯಾರು ತೆಗೀತಿದ್ರು?

ಭಾಗ 7/8: ತೆಗೀತಿದ್ದ ಕೈಗಳು

ಈ ಸಿರೀಸ್‌ನಾಗ ಎಲ್ಲಕ್ಕಿಂತ ಮುಖ್ಯ ಭಾಗ ಇದು. ದಯವಿಟ್ಟು ಸ್ಕಿಪ್ ಮಾಡಬ್ಯಾಡ್ರಿ.

ರೈಲಿನ ಸಂಡಾಸ ಕೆಟ್ಟದ್ದು ಅಂತ ಮೂಗು ಮುಚ್ಚಿಕೊಳ್ಳೋ ನಾವು ಪ್ರಯಾಣಿಕರು. ಹಳಿ ಮ್ಯಾಲೆ ಇಳಿದು ಅದನ್ನ ಗುಡಿಸಿ, ನೀರು ಹೊಡೆದು, ಎತ್ತಿ ಹಾಕಿದವರು ಬ್ಯಾರೆ. ಅವರಲ್ಲಿ ಬಹುಪಾಲು ದಲಿತ ಸಮುದಾಯದವರು, ಬಹಳ ಮಂದಿ ಗುತ್ತಿಗೆ ಮೇಲೆ.

ಕೈಯಿಂದ ಮಲ ಎತ್ತಿಸೋದನ್ನ ನಿಷೇಧ ಮಾಡೋ ಮೊದಲ ಕಾಯ್ದೆ ಬಂದದ್ದು 1993ರಲ್ಲಿ. ಅದು ಕಾಗದದ ಮೇಲೆ ಉಳೀತು. ಸಫಾಯಿ ಕರ್ಮಚಾರಿ ಆಂದೋಲನ ಅನ್ನೋ ಸಂಘಟನೆ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅದನ್ನ ಕಟ್ಟಿದವರಲ್ಲಿ ಒಬ್ಬರು ನಮ್ಮ ರಾಜ್ಯದ ಕೆಜಿಎಫ್‌ನ ಬೆಜವಾಡ ವಿಲ್ಸನ್, 2016ರ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ನಮಗ ಕೆಜಿಎಫ್ ಅಂದ್ರ ಸಿನಿಮಾ. ಅವರಿಗೆ ಅದು ತಮ್ಮ ಮನೆಯವರು ಗಣಿ ಕಾಲೊನಿಯ ಸಂಡಾಸ ತೊಳೆದ ಊರು.

2013ರಲ್ಲಿ ಹೊಸ ಕಾಯ್ದೆ ಬಂತು, ಅದರಲ್ಲಿ ರೈಲು ಹಳಿಯ ಹೆಸರೂ ಬಂತು. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, ಹಳಿ ಮೇಲಿನ ಈ ಕೆಲಸ ಮುಗಿಸಲಿಕ್ಕೆ ರೈಲ್ವೆ ಒಂದು ಕಾಲಮಿತಿ ಹಾಕಿಕೊಳ್ಳಬೇಕು ಅಂತ ಹೇಳಿತು. ಆದ್ರ 2013ರ ಕಾಯ್ದೆಯಲ್ಲಿ ಒಂದು ಕಿಂಡಿ ಐತಿ: ಸರ್ಕಾರ ಹೇಳಿದ ಸಲಕರಣೆ, ರಕ್ಷಣಾ ಉಡುಪು ಕೊಟ್ಟು ಮಾಡಿಸಿದ್ರ ಅದು "ಕೈಯಿಂದ ಮಲ ಎತ್ತೋದು" ಅನಿಸಿಕೊಳ್ಳೋದಿಲ್ಲ. ಒಂದು ಜೋಡಿ ಕೈಗವಸು ಕೊಟ್ರ ಹೆಸರು ಬದಲಾಗತೈತಿ. ಮೂರನೇ ದರ್ಜೆ ಎರಡನೆಯದು ಆದಂಗ.

ಇನ್ನೊಂದು ಸಂಗತಿ. ಅನಿಲ ಕಾಕೋಡಕರ ಅಧ್ಯಕ್ಷತೆಯ ಸುರಕ್ಷತಾ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ಮೇಲಿಂದ ಬೀಳೋ ಮಲಮೂತ್ರದಿಂದ ಹಳಿಗೆ ತುಕ್ಕು ಹಿಡೀತೈತಿ, ಹಳಿ ತಪಾಸಣೆ ಮಾಡೋದೂ ಕಷ್ಟ, ಐದು ವರ್ಷದಾಗ ಇದನ್ನ ಪೂರ್ತಿ ನಿಲ್ಲಿಸ್ರಿ ಅಂತ ಹೇಳಿತು. ಬೇಜಾರಿನ ಮಾತು ಅಂದ್ರ, ಮನುಷ್ಯರ ಕೈ ಹೊಲಸಾಗೋದು 100 ವರ್ಷ ನಡೀತು, ಕಬ್ಬಿಣಕ್ಕ ತುಕ್ಕು ಹಿಡಿಯೋ ಲೆಕ್ಕ ಬಂದಾಗ ಕೆಲಸಕ್ಕ ವೇಗ ಬಂತು.

ಭಾಗ 8/8: ಈಗಿನ ಟಾಕಿ, ನಮ್ಮ ಕೆಲಸ

ಪರಿಹಾರವಾಗಿ ಬಂದದ್ದು ಜೈವಿಕ ಶೌಚಾಲಯ. ಡಿಆರ್‌ಡಿಒ ಜೋಡಿ ಸೇರಿ ಮಾಡಿದ್ದು. 2011ರಲ್ಲಿ ಗ್ವಾಲಿಯರ್–ವಾರಾಣಸಿ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್‌ನಲ್ಲಿ ಮೊದಲು ಹಾಕಿದರು. ಡಬ್ಬಿಯ ಕೆಳಗ ಒಂದು ಟಾಕಿ, ಅದರೊಳಗ ಬ್ಯಾಕ್ಟೀರಿಯಾ. ಅವು ಮಲವನ್ನ ತಿಂದು ನೀರು ಮತ್ತು ಗ್ಯಾಸ್ ಮಾಡ್ತಾವ. ನೀರು ಕ್ಲೋರಿನ್ ದಾಟಿ ಹೊರಗೆ ಹೋಗತೈತಿ. ಈಗ ಹತ್ತಿರ ಹತ್ತಿರ ಎಲ್ಲಾ ಪ್ರಯಾಣಿಕರ ಡಬ್ಬಿಗೂ ಇವು ಬಂದಾವ. ಹಳಿ ಮ್ಯಾಲೆ ಬೀಳೋದು ನಿಂತದ್ದು ದೊಡ್ಡ ಗೆಲುವು, ಇದನ್ನ ಒಪ್ಪಿಕೊಳ್ಳಬೇಕು.

ಆದ್ರ ಬಾಟ್ಲಿ, ಗುಟ್ಕಾ ಚೀಟಿ, ಡೈಪರ್, ಪ್ಯಾಡ್ ಬಿದ್ರ ಅದು ಕಟ್ಟಿಕೊಳ್ಳತೈತಿ. 2017ರ ಸಿಎಜಿ ವರದಿ ಪ್ರಕಾರ, ಪರಿಶೀಲಿಸಿದ ಸುಮಾರು 25 ಸಾವಿರ ಜೈವಿಕ ಶೌಚಾಲಯಗಳಲ್ಲಿ 2016–17ರ ಒಂದೇ ವರ್ಷದಲ್ಲಿ ಹತ್ತಿರ ಹತ್ತಿರ 2 ಲಕ್ಷ ದೋಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಟ್ಟಿಕೊಂಡದ್ದೇ.

2025ರಲ್ಲಿ ದೂರ ಪ್ರಯಾಣದ ಗಾಡಿಗಳ ಸ್ವಚ್ಛತೆ ಬಗ್ಗೆ ಸಿಎಜಿಯ ಇನ್ನೊಂದು ವರದಿ ಬಂತು. 2022–23ರಲ್ಲಿ ಸಂಡಾಸ ಮತ್ತು ಬೇಸಿನ್‌ಗೆ ನೀರಿಲ್ಲ ಅಂತ ಬಂದ ದೂರು 1,00,280. ಅದರಲ್ಲಿ ಮೂರರಲ್ಲಿ ಒಂದು ಪಾಲಿಗೆ ಹೇಳಿದ ಸಮಯದಾಗ ಪರಿಹಾರ ಸಿಗಲಿಲ್ಲ. 1917ರ ಟಾಕಿಯೂ ಖಾಲಿ, 2022ರ ಟಾಕಿಯೂ ಖಾಲಿ.

ಈ ಒಂದು ಲಕ್ಷ ಅನ್ನೋದು ದೂರು ಕೊಟ್ಟವರದು ಮಾತ್ರ. ಜನರಲ್ ಡಬ್ಬಿಯೊಳಗ ಬಾಗಿಲದ ಹತ್ರ ಕುಂತ ಕಬ್ಬು ಕಡಿಯೋ ಕುಟುಂಬ, ನೀರು ಕುಡೀದ ನಿಮ್ಮ ಅವ್ವ, ಇವರು ಆ ಲೆಕ್ಕದಾಗ ಇಲ್ಲ. ಓಖಿಲ್ ಬಾಬು ಪತ್ರ ಬರದದ್ದಕ್ಕ ನಮಗ ಅವರ ಹೆಸರು ಗೊತ್ತು. ಅದಕ್ಕ ಮುಂದಿನ ಸಲ ನೀರಿಲ್ಲಂದ್ರ:

139ಕ್ಕ ಫೋನ್ ಮಾಡ್ರಿ, ಇಲ್ಲಾ ರೈಲ್‌ಮದದ್ ಆ್ಯಪ್‌ನಾಗ ಹಾಕ್ರಿ.
ರಿಜರ್ವೇಶನ್ ಇದ್ರ ಪಿಎನ್‌ಆರ್. ಜನರಲ್ ತಿಕೀಟಿದ್ರ ಅದರ ಮ್ಯಾಲಿನ ಯುಟಿಎಸ್ ನಂಬರ್. ಜನರಲ್‌ನವರಿಗೂ ದೂರು ಕೊಡೋ ಹಕ್ಕು ಐತಿ.
ಡಬ್ಬಿ ನಂಬರ್ ಬರದು ಹಾಕ್ರಿ. ಫೋನ್ ಬಳಸಲಿಕ್ಕೆ ಬರದ ಅಜ್ಜಿ ಬಾಜೂಕ ಕುಂತಿದ್ರ ಅವರ ಪರವಾಗಿ ನೀವ ಹಾಕ್ರಿ.
ಸಂಡಾಸದಾಗ ಏನೂ ಒಗೀಬ್ಯಾಡ್ರಿ. ಕಟ್ಟಿಕೊಂಡ್ರ ಬಿಚ್ಚೋದು ಮಷೀನ್ ಒಂದೇ ಅಲ್ಲ, ಒಬ್ಬ ಮನುಷ್ಯನೂ ಬೇಕಾಗ್ತಾನ.

ಜಾಗ ಸಿಗಲಿಕ್ಕೆ ಕಾಯ್ದೆ ಬೇಕಾತು. ಹಳಿ ಸ್ವಚ್ಛ ಆಗಲಿಕ್ಕೆ ಕೋರ್ಟು, ಸಮಿತಿ, ಒಂದು ಆಂದೋಲನ ಬೇಕಾತು. ನೀರಿಗೆ ಏನು ಬೇಕು ಅಂತ ಕಾಮೆಂಟ್‌ನಾಗ ಬರೀರಿ. ಮನ್ಯಾಗ ಹಿರಿಯರಿಗೆ ಮೀಟರ್ ಗೇಜ್ ಗಾಡಿಯ ನೆನಪಿದ್ರ ಅದನ್ನೂ ಕೇಳಿ ಬರೀರಿ, ಹೆಸರು ಹಾಕದೆ ಸ್ಟೋರಿಯಾಗ ಶೇರ್ ಮಾಡ್ತೇನಿ.

#ನಮ್ಮಲೈನ್ #ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ #ರೈಲುಇತಿಹಾಸ